ಸಂಜೆ ಐದೂವರೆಯಿಂದ ರಾತ್ರಿ ಹನ್ನೊಂದೂವರೆಯವರೆಗೆ

ಧಾರವಾಡದ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಎಂದರೆ ಡಿಸೆಂಬರ್ 25ರ ನಸುಕಿನ ಐದು ಗಂಟೆಯ ಆರಾಧನೆ. ಹಲವು ಊರುಗಳಲ್ಲಿ ನಡುರಾತ್ರಿಯ ಆರಾಧನೆ ಇರುತ್ತದೆ; ನಮ್ಮ ಚರ್ಚಿನ ಸಭೆಯಲ್ಲಿ ಮೊದಲಿನಿಂದಲೂ ನಸುಕಿನದೇ ರೂಢಿ. ಹೀಗಾಗಿ 24ರ ರಾತ್ರಿ ಹತ್ತಕ್ಕೆಲ್ಲ ಅವ್ವ ದೀಪ ಆರಿಸಿ ಎಲ್ಲರನ್ನೂ ಮಲಗಿಸಿಬಿಡುತ್ತಾಳೆ, ಮತ್ತು ನಾಲ್ಕಕ್ಕೆ ಎದ್ದು ನೀರು ಕಾಯಿಸಿ, ಚಹಾಕ್ಕಿಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸುತ್ತಾಳೆ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಎಂಬ ಊರಿಗೆ ಕೆಲಸಕ್ಕೆಂದು ಬಂದಾಗ ಈ ವೇಳಾಪಟ್ಟಿಗೆ ಒಂದು ದೊಡ್ಡ ಅರ್ಥವಿದೆಯೆಂದು ತಿಳಿದಿರಲಿಲ್ಲ. ಚಳಿಗಾಲದಲ್ಲಿ ಭಾರತದ ಗಡಿಯಾರ ಇಲ್ಲಿಯದಕ್ಕಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಂದರೆ ನಮ್ಮ ಮನೆಯವರು ಮಲಗುವ ಹೊತ್ತಿಗೆ ಇಲ್ಲಿ ಸಂಜೆ ಐದೂವರೆ. ಅವರು ಏಳುವ ಹೊತ್ತಿಗೆ ಇಲ್ಲಿ ರಾತ್ರಿ ಹನ್ನೊಂದೂವರೆ. ನಡುವಿನ ಆರು ಗಂಟೆಗಳಲ್ಲಿ ನನ್ನ ಫೋನಿಗೆ ಓಗೊಡುವವರು ಯಾರೂ ಇಲ್ಲ.

ದುರದೃಷ್ಟವೆಂದರೆ ಜರ್ಮನಿಯಲ್ಲಿ ಹಬ್ಬ ನಡೆಯುವುದು ಸರಿಯಾಗಿ ಆ ಆರು ಗಂಟೆಗಳಲ್ಲೇ. ಇಲ್ಲಿಯವರಿಗೆ 25ರ ಹಗಲಿಗಿಂತ 24ರ ಸಂಜೆಯೇ ಮುಖ್ಯ. 'ಹೈಲಿಗಾಬೆಂಡ್', ಪವಿತ್ರ ಸಂಜೆ, ಎಂದು ಅದನ್ನು ಕರೆಯುತ್ತಾರೆ. ಆ ದಿನ ಮಧ್ಯಾಹ್ನ ಎರಡಕ್ಕೆ ಅಂಗಡಿಗಳೆಲ್ಲ ಕಾನೂನಿನಂತೆಯೇ ಮುಚ್ಚುತ್ತವೆ, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ನಾಲ್ಕರಿಂದ ಆರರವರೆಗೆ ಚರ್ಚುಗಳಲ್ಲಿ ಮಕ್ಕಳ ನಾಟಕವಿರುವ ಆರಾಧನೆ ನಡೆಯುತ್ತದೆ, ಆಮೇಲೆ ಒಂದೊಂದು ಕುಟುಂಬವೂ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಬಾಗಿಲು ಹಾಕಿಕೊಳ್ಳುತ್ತದೆ ಎಂದು ನಾನು ಅಲಂಕಾರಕ್ಕಾಗಿ ಬರೆದಿಲ್ಲ. ನಮ್ಮಲ್ಲಿ ಹಬ್ಬದ ದಿನ ಬಾಗಿಲು ತೆರೆದಿರುತ್ತದೆ, ಕರ್ಚಿಕಾಯಿ, ಚಕ್ಕುಲಿ, ಕೇಕಿನ ತಟ್ಟೆಗಳು ಮೇಲೆ ಒಂದು ಕರವಸ್ತ್ರ ಹೊದ್ದುಕೊಂಡು ಓಣಿಯ ತುಂಬ ಓಡಾಡುತ್ತವೆ, ಮತ್ತು ಆ ತಟ್ಟೆಗಳು ಯಾವ ಜಾತಿ, ಯಾವ ಮತದವರ ಮನೆಗೆ ಹೋಗಿ ಬಂದವೆಂದು ಲೆಕ್ಕವಿಡುವವರಿಲ್ಲ. ಇಲ್ಲಿ ಅದೇ ಹಬ್ಬ ಒಳಮುಖವಾಗಿ ನಡೆಯುತ್ತದೆ. 25 ಮತ್ತು 26 ಎರಡೂ ರಜೆ. ಎರಡೂವರೆ ದಿನ ಊರು ಮೌನವಾಗಿರುತ್ತದೆ.

ಮೊದಲ ವರ್ಷ ನನಗೆ ಇದಾವುದೂ ತಿಳಿದಿರಲಿಲ್ಲ. ನವೆಂಬರಿನ ಕೊನೆಯಿಂದ ಊರ ಚೌಕದಲ್ಲಿ ಕ್ರಿಸ್ಮಸ್ ಸಂತೆ ನಡೆದಿತ್ತು. ಕಾಯಿಸಿದ ಮಸಾಲೆ ವೈನಿನ ಘಮ, ಹುರಿದ ಬಾದಾಮಿ, ಮರದ ಗೊಂಬೆಗಳು, ಹೆಗಲಿಗೆ ಹೆಗಲು ತಾಗುವಷ್ಟು ಜನ. ಇಷ್ಟು ಗದ್ದಲ ಮಾಡುವ ಊರು ಹಬ್ಬದ ದಿನ ಇನ್ನೆಷ್ಟು ಗದ್ದಲ ಮಾಡೀತು ಎಂದು ನಾನು ಊಹಿಸಿಕೊಂಡಿದ್ದೆ. 24ರಂದು ತಡವಾಗಿ ಎದ್ದು, ಮನೆ ಗುಡಿಸಿ ಒರೆಸಿ, ಮೂರು ಗಂಟೆಗೆ ಕೈಚೀಲ ಹಿಡಿದು ಅಂಗಡಿಗೆ ಹೊರಟರೆ ಗಾಜಿನ ಬಾಗಿಲು ಸರಿಯಲಿಲ್ಲ. ಎರಡನೆಯ ಅಂಗಡಿಯದೂ ಸರಿಯಲಿಲ್ಲ. ಸಂತೆ ಎಂದೋ ಎದ್ದುಹೋಗಿತ್ತು, ಚೌಕದಲ್ಲಿ ಗಾಳಿಗೆ ಒಂದಿಷ್ಟು ಹುಲ್ಲು ಹಾರುತ್ತಿತ್ತು. ಮನೆಯ ಫ್ರಿಜ್ಜಿನಲ್ಲಿ ಅರ್ಧ ಪೊಟ್ಟಣ ಬ್ರೆಡ್ಡು, ನಾಲ್ಕು ತತ್ತಿ, ಅವ್ವ ಕೊಟ್ಟ ಶೇಂಗಾ ಹಿಂಡಿಯ ತಳ ಉಳಿದಿತ್ತು. ಹೊಟ್ಟೆಗೆ ಅದು ಸಾಕು. ಆದರೆ ಹಬ್ಬದ ಸಂಜೆ ತತ್ತಿಯನ್ನು ಒಬ್ಬಳೇ ಒಡೆಯುವಾಗ ಆಗುವ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಐದೂವರೆಗೆ ಮನೆಯವರ ಕೊನೆಯ ಸಂದೇಶ ಬಂತು: 'ಮಲಗತೇವಿ, ನಸುಕಿನ್ಯಾಗ ಮಾತಾಡೂಣು.' ಆಮೇಲೆ ನಾನು ಮಾಡಿದ್ದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಕೋಟು ತೊಟ್ಟು ಬೀದಿಬೀದಿ ಅಲೆದು, ಬೆಳಕಿದ್ದ ಕಿಟಕಿಗಳನ್ನು ನೋಡುತ್ತ ನಿಂತೆ. ಪರದೆ ಎಳೆಯದ ಮನೆಗಳಲ್ಲಿ ಮರದ ಸುತ್ತ ಕುಳಿತ ಜನರ ತಲೆಗಳಷ್ಟೇ ಕಾಣುತ್ತಿದ್ದವು. ಅವರಲ್ಲಿ ಒಬ್ಬರು ಹೊರಗೆ ತಿರುಗಿ ನೋಡಿದಾಗ ಕಳ್ಳಿಯಂತೆ ಸರಸರ ನಡೆದುಬಿಟ್ಟೆ. ಹಿಂದಿರುಗಿ ಬಂದು ಮನೆಯವರ ಗುಂಪಿನಲ್ಲಿದ್ದ ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಅದರಂಥ ತಪ್ಪು ಇನ್ನೊಂದಿಲ್ಲ. ಚಿತ್ರದಲ್ಲಿ ನಾನಿದ್ದೆ, ಮತ್ತು ಚಿತ್ರದಲ್ಲಿದ್ದವಳ ಬಗ್ಗೆ ನನಗೆ ಹೊಟ್ಟೆಕಿಚ್ಚಾಗತೊಡಗಿತು.

ಹನ್ನೊಂದೂವರೆಗೆ ಫೋನು ಗುಣುಗುಟ್ಟಿತು. ಅವ್ವ ಹೊಸ ಸೀರೆ ಉಟ್ಟು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕ್ಯಾಮೆರಾದ ಮುಂದೆ ಕುಳಿತಿದ್ದಳು. ಅವಳ ಹಿಂದೆ ಮೇಜಿನ ಮೇಲೆ ತಟ್ಟೆ ತುಂಬ ಕರ್ಚಿಕಾಯಿ. ಅದನ್ನು ಎತ್ತಿ ತೋರಿಸಿದಳು. 'ಊಟಾ ಆತೇನು?' ಎಂದಳು. ಆತು ಎಂದೆ. 'ಯಾರ ಮನ್ಯಾಗ ಅದಿ?' ಎಂದಳು. ಗೆಳತಿಯ ಮನೆಯಲ್ಲಿದ್ದೇನೆ, ಇನ್ನೂ ಎಂಟು ಜನ ಬಂದಿದ್ದಾರೆ, ಒಳಗೆ ಎಲ್ಲರೂ ಕೇಕು ತಿನ್ನುತ್ತಿದ್ದಾರೆ, ಗದ್ದಲವೆಂದು ನಾನು ಈಚೆ ಕೋಣೆಗೆ ಬಂದೆ ಎಂದೆಲ್ಲ ಹೇಳಿದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ತಿಳಿದಿರಲಿಲ್ಲ.

ಪರಊರಿನಲ್ಲಿರುವ ಮಕ್ಕಳೆಲ್ಲ ಈ ಸುಳ್ಳನ್ನು ಎಂದಾದರೂ ಹೇಳಿಯೇ ಇರುತ್ತಾರೆ, ಮತ್ತು ಅದನ್ನು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಅದು ಮಾಡುವ ಕೆಲಸ ವಿಚಿತ್ರವಾದದ್ದು. ಜಗತ್ತಿನಲ್ಲಿ ನನ್ನ ಸ್ಥಿತಿಯನ್ನು ತಿಳಿದುಕೊಳ್ಳಲು ನಿಜವಾಗಿ ಬಯಸುವವರು ನಾಲ್ಕು ಜನ. ಆ ನಾಲ್ವರಿಗೂ ಬೇರೊಂದು ಕಥೆ ಹೇಳಿದ ಮೇಲೆ ನಾನು ಎಲ್ಲಿದ್ದೇನೆ, ಹೇಗಿದ್ದೇನೆ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯಾಯಿತು. ಕರೆ ಬರುವ ಮುನ್ನ ನಾನು ಒಬ್ಬಳೇ ಇದ್ದೆ, ಅಷ್ಟೇ. ಕರೆ ಮುಗಿದ ಮೇಲೆ, ಒಬ್ಬಳೇ ಇದ್ದೇನೆಂಬುದನ್ನು ಬಚ್ಚಿಟ್ಟವಳೂ ಆದೆ. 'ಒಂಟಿತನ' ಎನ್ನುವುದು ಪುಸ್ತಕದ ಮಾತು; ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. 'ಬಣಬಣ ಅನಸ್ತದ' ಎನ್ನುತ್ತಾರೆ. ಮದುವೆ ಮುಗಿದು ಹಂದರ ಬಿಚ್ಚಿದ ಅಂಗಳಕ್ಕೆ, ಮಕ್ಕಳು ಶಾಲೆಗೆ ಹೋದ ಮನೆಗೆ, ಸಂತೆ ಎದ್ದುಹೋದ ಬಯಲಿಗೆ ಈ ಮಾತನ್ನು ಬಳಸುತ್ತಾರೆ. ಅದರಲ್ಲಿ ಖಾಲಿಯಾಗಿರುವುದು ಜಾಗ, ಮನುಷ್ಯರಲ್ಲ ಎಂಬ ಸಣ್ಣ ಕರುಣೆ ಇದೆಯೆಂದು ನನಗೆ ಅನ್ನಿಸುತ್ತದೆ.

ಎರಡನೆಯ ವರ್ಷ ಜಾಣಳಾಗಿದ್ದೇನೆಂದು ತಿಳಿದುಕೊಂಡೆ. ಅಂಗಡಿಯ ಕೆಲಸವನ್ನು 22ಕ್ಕೇ ಮುಗಿಸಿದೆ. 24ರ ಮಧ್ಯಾಹ್ನ ಹನ್ನೆರಡೂವರೆಗೇ, ಎಂದರೆ ಅಲ್ಲಿ ಐದು ಗಂಟೆಗೆ, ವಿಡಿಯೊ ಕರೆ ಆರಂಭಿಸಿ ಅವರು ಮಲಗುವವರೆಗೂ ಮುಂದುವರಿಸುವುದೆಂದು ತಮ್ಮನೊಂದಿಗೆ ಒಪ್ಪಂದ ಮಾಡಿಕೊಂಡೆ. ಅವನು ಫೋನನ್ನು ನೀರಿನ ತಂಬಿಗೆಗೆ ಆನಿಸಿ ಮೇಜಿನ ಮೇಲಿಟ್ಟ. ಮೊದಲ ಕಾಲು ಗಂಟೆ ಎಲ್ಲರೂ ನನ್ನ ಕಡೆ ನೋಡಿ ಮಾತನಾಡಿದರು. ಆಮೇಲೆ ಅತ್ತೆ ಬಂದರು, ಎದುರು ಮನೆಯ ಕಾಕಾ ಬಂದರು, ಯಾರೋ ನೀರು ಕುಡಿಯಲು ತಂಬಿಗೆ ಎತ್ತಿದರು, ಫೋನು ಅಂಗಾತ ಬಿತ್ತು. ಸುಮಾರು ಎರಡು ಗಂಟೆಗಳ ಕಾಲ ನಾನು ನಮ್ಮ ಮನೆಯ ಸೀಲಿಂಗ್ ಫ್ಯಾನನ್ನು ನೋಡಿದೆ. ಅವರ ನಗು ಕೇಳುತ್ತಿತ್ತು, ಯಾವುದಕ್ಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ, ಹಬ್ಬದ ಮನೆಯಲ್ಲಿ ಫೋನಿನ ಮುಂದೆ ಎಷ್ಟು ಹೊತ್ತು ಕುಳಿತಾರು? ಹೀಗೆ ಐದು ಗಂಟೆಗಳ ಕರೆಯನ್ನು ಉಂಡು ಮುಗಿಸಿದ ಮೇಲೂ ಐದೂವರೆ ಎಂಬುದು ಬಂದೇ ಬಂತು, ಪರದೆ ಕಪ್ಪಾಯಿತು, ಮತ್ತು ಹಿಂದಿನ ವರ್ಷದ ಅದೇ ಆರು ಗಂಟೆಗಳು ಕೈಕಟ್ಟಿ ನನ್ನ ಮುಂದೆ ನಿಂತುಕೊಂಡವು. ಕರೆ ಎಷ್ಟು ದೀರ್ಘವಾಗಿದ್ದರೂ ಅದು ಆ ಗಂಟೆಗಳ ಒಳಗೆ ಬರುವುದಿಲ್ಲ ಎಂಬ ಸರಳ ಲೆಕ್ಕ ನನಗೆ ತಲೆಗೆ ಹತ್ತಲು ಎರಡು ವರ್ಷ ಬೇಕಾಯಿತು.

ಆ ಸಂಜೆ ಕಿಟಕಿಯಲ್ಲಿ ಕುಳಿತು ಎದುರು ಮನೆಯ ನಕ್ಷತ್ರವನ್ನು ನೋಡುತ್ತಿದ್ದೆ. ಮುಳ್ಳುಮುಳ್ಳಾಗಿ ಎಲ್ಲ ದಿಕ್ಕಿಗೂ ಚಾಚಿಕೊಂಡಿರುವ ಈ ಕಾಗದದ ನಕ್ಷತ್ರಕ್ಕೆ ಇಲ್ಲಿ ಹೆರ್ನ್‌ಹೂಟ್ ನಕ್ಷತ್ರ ಎನ್ನುತ್ತಾರೆ. ಚೌಕ ತಳದ ಹದಿನೇಳು, ತ್ರಿಕೋನ ತಳದ ಎಂಟು, ಒಟ್ಟು ಇಪ್ಪತ್ತೈದು ಮೊನೆಗಳು. ಇದು ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ, ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದವರ ವಸತಿಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ. ಆ ಪಂಥದವರ ಶಾಲೆಗಳಲ್ಲಿದ್ದ ಅನೇಕ ಮಕ್ಕಳ ತಂದೆತಾಯಿಗಳು ದೂರದೇಶಗಳಿಗೆ ಹೋದ ಮಿಷನರಿಗಳು. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚಿನ ಭಾನುವಾರ ಮಕ್ಕಳು ಕುಳಿತು ಕಾಗದ ಕತ್ತರಿಸಿ, ಅಂಟಿಸಿ, ತಮ್ಮ ಕೋಣೆಗಳಲ್ಲಿ ಈ ನಕ್ಷತ್ರ ತೂಗುಹಾಕುತ್ತಿದ್ದರು.

ಇದನ್ನು ಓದಿದಾಗ ನನ್ನ ಮನಸ್ಸು ಧಾರವಾಡದ ಕಡೆ ತಿರುಗಿದ್ದಕ್ಕೆ ಕಾರಣವಿದೆ. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮೂಲದ ಸಭೆ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿ 1837ರಲ್ಲಿ ಧಾರವಾಡಕ್ಕೆ ಬಂದ ಆ ಮಿಷನರಿಗಳಲ್ಲಿ ಬಹಳಷ್ಟು ಜನ ನಾನಿರುವ ಈ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ನಾನು ದಿನವೂ ರೈಲು ಹಿಡಿಯುವ ಇದೇ ಎಸ್ಲಿಂಗೆನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ತೀರಿಕೊಂಡದ್ದು ಇಲ್ಲಿಂದ ಒಂದು ಗಂಟೆಯ ದಾರಿಯ ಟ್ಯೂಬಿಂಗೆನ್‌ನಲ್ಲಿ, 1903ರ ಡಿಸೆಂಬರ್ 18ರಂದು, ಕ್ರಿಸ್ಮಸ್ಸಿಗೆ ಒಂದು ವಾರ ಮೊದಲು. ನಮ್ಮೂರ ಕಡೆ ಇವರನ್ನು ನೆನೆಯುವಾಗ ಪತ್ರಿಕೆ, ನಿಘಂಟು, ಶಾಲೆ, ಹೆಂಚಿನ ಕಾರ್ಖಾನೆಗಳನ್ನು ನೆನೆಯುತ್ತೇವೆ. ಅವರು ಹಿಂದೆ ಬಿಟ್ಟುಬಂದ ಮಕ್ಕಳನ್ನು ನೆನೆಯುವುದು ಕಡಿಮೆ. ಬಾಸೆಲ್ ಮಿಷನ್ನಿನವರ ಮಕ್ಕಳನ್ನೂ ಚಿಕ್ಕ ವಯಸ್ಸಿನಲ್ಲೇ ಓದಿಗೆಂದು ಯೂರೋಪಿಗೆ ಕಳಿಸಿಬಿಡುತ್ತಿದ್ದರು. ಮಲಯಾಳಂ ನಿಘಂಟು ರಚಿಸಿದ ಗುಂಡರ್ಟ್ ಅವರ ಮರೀ ಎಂಬ ಹೆಸರಿನ ಮಗಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಈ ಕಡೆ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಹೋದದ್ದು ಹದಿಹರೆಯದಲ್ಲಿ. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ಜಗತ್ತಿಗೆಲ್ಲ ಪರಿಚಿತನಾದ ಲೇಖಕನಾದ ಎಂಬುದು ಬೇರೆ ಮಾತು.

ಅವರಿಗೆ ಹೋಲಿಸಿದರೆ ನಿನ್ನದೇನು ಕಷ್ಟ, ನಿನಗೆ ಫೋನಾದರೂ ಇದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ಇನ್ನೊಬ್ಬರ ದೊಡ್ಡ ದುಃಖದ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಸಣ್ಣ ದುಃಖ ನಾಚಿಕೊಂಡು ಓಡಿಹೋಗುತ್ತದೆಯೆಂದು ಹಿರಿಯರು ನಂಬಿರುವಂತಿದೆ. ನನ್ನ ಅನುಭವದಲ್ಲಿ ಅದು ಅಲ್ಲೇ ನಿಂತು, ಜೊತೆಗೊಂದು ತಪ್ಪಿತಸ್ಥ ಭಾವವನ್ನೂ ಕರೆದುಕೊಂಡು ಬರುತ್ತದೆ. ಆದರೆ ಆ ಮಕ್ಕಳ ಕೈಯಲ್ಲಿದ್ದ ಕತ್ತರಿ ಮತ್ತು ಅಂಟು ನನ್ನ ತಲೆಯಲ್ಲಿ ಉಳಿದವು. ಅವರಿಗೆ ದೊಡ್ಡವರು ಧೈರ್ಯದ ಮಾತು ಹೇಳಿರಬಹುದು, ಹೇಳದೆ ಇರಬಹುದು. ಗೊತ್ತಾದ ಒಂದು ದಿನ, ಗೊತ್ತಾದ ಒಂದು ಹೊತ್ತಿಗೆ, ಅದೇ ಸ್ಥಿತಿಯಲ್ಲಿದ್ದ ಬೇರೆ ಮಕ್ಕಳ ಪಕ್ಕದಲ್ಲಿ ಕೂರಿಸಿ ಕೈಗೆ ಕೆಲಸವನ್ನಂತೂ ಕೊಟ್ಟಿದ್ದರು.

ಮೂರನೆಯ ವರ್ಷ ನವೆಂಬರಿನಲ್ಲೇ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ: 'ಇಪ್ಪತ್ತನಾಲ್ಕರ ಸಂಜೆ ನನಗೆ ಹೋಗಲು ಎಲ್ಲಿಯೂ ಜಾಗವಿಲ್ಲ.' ಜರ್ಮನ್ ಭಾಷೆಯಲ್ಲಿ ಈ ವಾಕ್ಯವನ್ನು ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅವರು ಚಮಚ ಕೆಳಗಿಟ್ಟು ಕೆಂಪಾದರು. ನಿಮಗೆ ನಿಮ್ಮವರದೇ ಒಂದು ಕೂಟವಿರುತ್ತದೆಂದು ತಿಳಿದಿದ್ದೆ, ಕರೆದರೆ ಸಂಕೋಚಪಟ್ಟೀರೆಂದು ಕರೆಯಲಿಲ್ಲ ಎಂದರು. ಎರಡು ವರ್ಷ ನಾನು ಇದನ್ನು ಈ ಜನರ ತಣ್ಣನೆಯ ಸ್ವಭಾವವೆಂದು ಅಂದುಕೊಂಡಿದ್ದೆ. ಇದ್ದದ್ದು ಸಂಕೋಚ, ಅದೂ ಎರಡೂ ಕಡೆ. ನಮ್ಮಲ್ಲಿ ಕರೆಯದೆ ಹೋದವರನ್ನು ಹಬ್ಬದ ದಿನ ಯಾರೂ ಹೊರಗಟ್ಟುವುದಿಲ್ಲ. ಇಲ್ಲಿ ಕೇಳದವರನ್ನು ಯಾರೂ ಕರೆಯುವುದಿಲ್ಲ. ಈ ವ್ಯತ್ಯಾಸವನ್ನು ವಿಮಾನ ಹತ್ತುವ ಮುನ್ನ ಯಾರಾದರೂ ಹೇಳಿದ್ದರೆ ಉಪಕಾರವಾಗುತ್ತಿತ್ತು, ಆದ್ದರಿಂದ ಈಗ ನಾನು ಹೇಳುತ್ತಿದ್ದೇನೆ. ಡಿಸೆಂಬರ್ 20ಕ್ಕೆ ಕೇಳಿದರೆ ತಡವಾಗುತ್ತದೆ. ಅಷ್ಟರಲ್ಲಿ ಎಲ್ಲರ ಎಣಿಕೆಯೂ ಮುಗಿದು, ಖುರ್ಚಿಗಳೂ ಆಲೂಗಡ್ಡೆಗಳೂ ಲೆಕ್ಕವಾಗಿಬಿಟ್ಟಿರುತ್ತವೆ.

ಅವರು ಆ ವರ್ಷ ಮಗಳ ಊರಿಗೆ ಹೋಗುವವರಿದ್ದರು. ಆದರೆ ತಮ್ಮ ಚರ್ಚಿನ ಸಭಾಂಗಣದಲ್ಲಿ ಒಂಟಿಯಾಗಿರುವವರಿಗೆ 24ರ ಸಂಜೆ ಸಹಭೋಜನವಿದೆ, ಅಡುಗೆಗೆ ಕೈಗಳು ಬೇಕಾಗಿವೆ ಎಂದು ತಿಳಿಸಿದರು. ಉಣ್ಣುವವಳಾಗಿ ಹೋಗಲು ನನ್ನ ಅಭಿಮಾನ ಒಪ್ಪುತ್ತಿರಲಿಲ್ಲ. ಆಲೂಗಡ್ಡೆ ಸುಲಿಯುವವಳಾಗಿ ಹೋಗಲು ಒಪ್ಪಿತು. ಅಭಿಮಾನವನ್ನು ಹೀಗೆ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೂರು ಗಂಟೆಗೆ ಹೋದೆ. ಉದ್ದನೆಯ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಯ ಗುಡ್ಡೆ, ಸುತ್ತ ಆರು ಜನ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಅಜ್ಜ, ಆ ವರ್ಷ ಮಕ್ಕಳು ತಾಯಿಯ ಪಾಲಿಗೆ ಹೋಗಿದ್ದ ವಿಚ್ಛೇದಿತ ತಂದೆ, ರಜೆಗೆ ಊರಿಗೆ ಹೋಗಲು ಹಣವಿಲ್ಲದ ಇಬ್ಬರು ವಿದ್ಯಾರ್ಥಿಗಳು, ಹ್ಯಾಂಬರ್ಗಿನಿಂದ ಇತ್ತ ವಲಸೆ ಬಂದ ಒಬ್ಬ ಮಧ್ಯವಯಸ್ಸಿನ ಹೆಂಗಸು, ಮತ್ತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ ಚರ್ಚಿನ ಅಡುಗೆಯಮ್ಮ. ಇಲ್ಲಿ 24ರ ರಾತ್ರಿ ಬಹಳಷ್ಟು ಮನೆಗಳಲ್ಲಿ ಭಕ್ಷ್ಯಗಳ ಮೆರವಣಿಗೆ ಇರುವುದಿಲ್ಲ. ಆಲೂಗಡ್ಡೆಯ ಸಲಾಡು, ಬೇಯಿಸಿದ ಸಾಸೇಜು, ಅಷ್ಟೇ. ಆದರೆ ಆ ಸಲಾಡನ್ನು ಹೇಗೆ ಕಲಸಬೇಕೆಂಬ ವಿಷಯದಲ್ಲಿ ದೇಶ ಎರಡು ಹೋಳಾಗಿದೆ. ಇಲ್ಲಿಯ ಸ್ವಾಬಿಯನ್ನರು ಬಿಸಿ ಸಾರು, ವಿನೆಗರ್, ಎಣ್ಣೆ ಹಾಕುತ್ತಾರೆ. ಉತ್ತರದವರು ಮೇಯನೇಸ್ ಹಾಕುತ್ತಾರೆ. ಹ್ಯಾಂಬರ್ಗಿನ ಹೆಂಗಸು ಮೇಯನೇಸ್ ಡಬ್ಬಿ ಹೊರತೆಗೆದಾಗ ಅಜ್ಜ ಚಾಕು ಕೆಳಗಿಟ್ಟು ಎದ್ದು ನಿಂತುಬಿಟ್ಟರು. ಅಡುಗೆಯ ಖಾರ ಬ್ಯಾಡಗಿಯದೋ ಗುಂಟೂರಿನದೋ ಎಂದು ನಮ್ಮ ಅತ್ತೆಯಂದಿರು ವಾದಿಸುವ ಧಾಟಿಯಲ್ಲೇ ಮುಕ್ಕಾಲು ಗಂಟೆ ವಾದ ನಡೆಯಿತು. ನನ್ನ ಅಭಿಪ್ರಾಯ ಕೇಳಿದರು. ಸಾಸಿವೆ ಒಗ್ಗರಣೆ, ಹಸಿಮೆಣಸು ಹಾಕಬೇಕೆಂದೆ. ಎರಡೂ ಪಕ್ಷದವರು ಮೊದಲ ಬಾರಿಗೆ ಒಂದಾಗಿ ನನ್ನನ್ನು ವಿರೋಧಿಸಿದರು. ಕೊನೆಗೆ ಮೂರು ಪಾತ್ರೆಗಳಲ್ಲಿ ಮೂರು ಬಗೆಯ ಸಲಾಡುಗಳಾದವು, ನನ್ನದು ಮೊದಲು ಖಾಲಿಯಾಯಿತು ಎಂದು ಬರೆಯಲು ಆಸೆಯಿದೆ. ಆಗಲಿಲ್ಲ. ವಿದ್ಯಾರ್ಥಿಗಳಿಬ್ಬರು ತಿಂದರು, ಉಳಿದದ್ದನ್ನು ಡಬ್ಬಿಯಲ್ಲಿ ಮನೆಗೆ ತಂದೆ.

ಐದೂವರೆಯಾದದ್ದು ನನಗೆ ತಿಳಿಯಲಿಲ್ಲ. ಆರೂವರೆಗೆ ಫೋನು ನೋಡಿದಾಗ ಮನೆಯವರ 'ಮಲಗತೇವಿ' ಸಂದೇಶ ಬಂದು ಒಂದು ಗಂಟೆಯಾಗಿತ್ತು. ಊಟಕ್ಕೆ ನಲವತ್ತರಷ್ಟು ಜನ ಬಂದಿದ್ದರು. ಎಲ್ಲವೂ ಸುಂದರವಾಗಿತ್ತೆಂದು ತಿಳಿಯಬೇಡಿ. ಒಬ್ಬರು ಕುಡಿದು ಬಂದಿದ್ದರು, ಒಬ್ಬ ಅಜ್ಜಿ ಊಟದ ನಡುವೆ ಎದ್ದು ಅಳುತ್ತ ಹೊರಟುಹೋದರು, ನನ್ನ ಜರ್ಮನ್ ಭಾಷೆ ಒಂಬತ್ತರ ಹೊತ್ತಿಗೆ ಬತ್ತಿಹೋಗಿ ಸುಮ್ಮನೆ ತಲೆಯಾಡಿಸುತ್ತ ಕುಳಿತೆ. ನಡುನಡುವೆ ಅವ್ವನ ನೆನಪೂ ಬಂತು, ಗಂಟಲೂ ಕಟ್ಟಿತು. ಆದರೆ ಪಕ್ಕದಲ್ಲಿ ಕುಳಿತವರಿಗೆ ಉಪ್ಪಿನ ಬಟ್ಟಲು ಬೇಕಾಗಿತ್ತು, ಅದನ್ನು ಸರಿಸಿಕೊಡಬೇಕಾಗಿತ್ತು. ಕೊನೆಯಲ್ಲಿ 'ಮೌನ ರಾತ್ರಿ'ಯ ಹಾಡು ಹಾಡಿದರು. 1818ರ ಕ್ರಿಸ್ಮಸ್ ಸಂಜೆ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಗಿಟಾರಿನ ಜೊತೆ ಮೊದಲು ಹಾಡಿದ ಹಾಡು ಅದು. ಅಜ್ಜ ದಪ್ಪ ಸ್ವರದಲ್ಲಿ ಜರ್ಮನ್ ಭಾಷೆಯಲ್ಲಿ ಹಾಡುವಾಗ ಅವರ ಮಗ್ಗುಲಲ್ಲಿ ನಾನು ನಮ್ಮ ಸಭೆಯ ಕನ್ನಡ ಸಾಲುಗಳನ್ನು ಹಾಡಿದೆ. ಅವರು ಪುಸ್ತಕವನ್ನು ನನ್ನ ಕಡೆ ವಾಲಿಸಿ, ನಾನು ಸಾಲು ತಪ್ಪಿದ್ದೇನೆಂದು ಬೆರಳಿಟ್ಟು ತೋರಿಸಿದರು.

ಹೀಗೆ ಹೊರಗೆ ಹೋಗುವುದು ಎಲ್ಲರಿಂದ, ಎಲ್ಲ ವರ್ಷವೂ ಆಗುವುದಿಲ್ಲವೆಂದು ನನಗೆ ಗೊತ್ತು. ಮನಸ್ಸು ತೀರಾ ಕುಸಿದಿರುವವರಿಗೆ ಆಲೂಗಡ್ಡೆ ಸುಲಿಯಲು ಹೋಗು ಎನ್ನುವುದು ಜ್ವರ ಬಂದವರಿಗೆ ಓಡು ಎಂದಂತೆ. ಜರ್ಮನಿಯಲ್ಲಿರುವವರು ಟೆಲಿಫೋನ್‌ಜೇಲ್‌ಸೋರ್ಗೆ ಎಂಬ ಸಹಾಯವಾಣಿಯ ಸಂಖ್ಯೆಯನ್ನು, 0800 1110111, ಬರೆದಿಟ್ಟುಕೊಳ್ಳಬೇಕು. 1956ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಸೇವೆಯಿದು. ಹಬ್ಬದ ರಾತ್ರಿಯೂ ಸೇರಿ ಹಗಲಿರುಳು ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಹೆಸರು ಹೇಳಬೇಕಾಗಿಲ್ಲ. ಮೊದಲ ವರ್ಷ ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡು, ನನ್ನ ಜರ್ಮನ್ ಅಳುವಷ್ಟು ಚೆನ್ನಾಗಿಲ್ಲ ಎಂದುಕೊಂಡು ಕರೆ ಮಾಡದೆ ಬಿಟ್ಟಿದ್ದೆ. ಮಾಡಬಹುದಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಮೂರನೆಯ ವರ್ಷ ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದು, ಕೋಟು ತೆಗೆಯುವ ಮುನ್ನವೇ ಅವ್ವನ ಕರೆ ಬಂತು. 'ಊಟಾ ಆತೇನು?' ಎಂದಳು. ಎಲ್ಲವನ್ನೂ ಹೇಳಿದೆ, ಮೂರು ಸಲಾಡುಗಳನ್ನೂ, ಅಜ್ಜನ ಸಿಟ್ಟನ್ನೂ. ಅವಳು ನಕ್ಕಳು. ಆ ನಗುವಿನ ಧೈರ್ಯದ ಮೇಲೆ ಮೊದಲ ವರ್ಷದ ಮಾತನ್ನೂ ತೆಗೆದೆ: ಗೆಳತಿಯ ಮನೆಯೂ ಇರಲಿಲ್ಲ, ಎಂಟು ಜನರೂ ಇರಲಿಲ್ಲ, ಬ್ರೆಡ್ಡು ತತ್ತಿ ತಿಂದು ಕುಳಿತಿದ್ದೆ ಎಂದೆ.

'ಗೊತ್ತಿತ್ತು' ಎಂದಳು ಅವ್ವ. 'ನಿನ್ನ ಹಿಂದ ಗ್ವಾಡಿ ಮ್ಯಾಲೆ ನಾನು ಕೊಟ್ಟ ನಮ್ಮ ಸಭೇದ ಕ್ಯಾಲೆಂಡರ್ ಕಾಣತಿತ್ತಲಾ. ಅದು ನಿನ್ನ ಗೆಳತಿ ಮನಿಗೆ ಹ್ಯಾಂಗ ಹೋತು?'

ಮತ್ತೆ ಯಾಕೆ ಕೇಳಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಟವೆಲ್ಲನ್ನು ಬಿಚ್ಚಿ ಕೂದಲು ಒರೆಸಿಕೊಳ್ಳುತ್ತ ಹೇಳಿದಳು: 'ಆ ವರ್ಷ ನಾವೂ ಏನೂ ಮಾಡಿದ್ದಿಲ್ಲ. ಆ ಕರ್ಚಿಕಾಯಿ ಬಾಜೂ ಮನಿಯಾಕಿ ಕೊಟ್ಟು ಕಳಿಸಿದ್ವು. ನೀ ಇಲ್ಲದ ಮನಿ ಬಣಬಣ ಅನ್ನಲಿಕ್ಕತ್ತಿತ್ತು. ನಿನಗ ತೋರಸಬೇಕಂತ ತಟ್ಟಿ ತುಂಬಿ ಹಿಂದ ಇಟ್ಟಿದ್ದೆ.'